ಮೂರು ಚೀಲದ ಸ್ಲಿಪ್ಪರ್ ಆರ್ಕಿಡ್: ನಾಲ್ಕು ಸಲವೂ ಅದೇ ಹೂ

"ಬಿಸಿಲಿಗೆ ಮುರುಟಿದೆ, ಮುಂದಿನ ಸಲ ಸರಿ ಹೋಗುತ್ತೆ ಬಿಡಿ" ಅಂತ ನನ್ನ ಆರ್ಕಿಡ್‌ನ ವಿಚಿತ್ರ ಹೂ ನೋಡಿ ಅಂದವರು ಒಬ್ಬಿಬ್ಬರಲ್ಲ. ಇಪ್ಪತ್ತು ವರ್ಷ ಆರ್ಕಿಡ್ ಬೆಳೆಸಿದವರೂ ಅದನ್ನೇ ಹೇಳಿದರು. ಈಗ ಅದೇ ಗಿಡ ನಾಲ್ಕನೇ ಸಲ ಅದೇ ರೂಪದ ಹೂ ಬಿಟ್ಟಿದೆ, ಅದೂ ಎರಡು ಊರಲ್ಲಿ.

ಇದು ಮೌಡಿಯೇ ಅನ್ನುವ ಮಿಶ್ರತಳಿ ಬಗೆಯ ಪ್ಯಾಫ್, ಅಂದರೆ ಪ್ಯಾಫಿಯೋಪೆಡಿಲಮ್ ಎಂಬ ಸ್ಲಿಪ್ಪರ್ ಆರ್ಕಿಡ್. ಇದರ ಹೂವಿನ ಕೆಳದಳ ಚಪ್ಪಲಿಯ ಮುಂಭಾಗದ ಹಾಗೆ ಚೀಲವಾಗಿರುತ್ತೆ, ಮಾಮೂಲಿಗೆ ಒಂದು ಹೂವಿಗೆ ಒಂದೇ ಚೀಲ. 2018ರಲ್ಲಿ ಕಾಲಿಂಪಾಂಗ್ ಕಡೆಯಿಂದ ತರಿಸಿದ್ದು, ಸುಮಾರು 1,800 ರೂಪಾಯಿ ಬಿತ್ತು. ಬೆಂಗಳೂರಿನ ನಮ್ಮ ತಾರಸಿಯಲ್ಲಿ ಎರಡು ಪದರ ಶೇಡ್ ನೆಟ್ ಕೆಳಗೆ ಇಟ್ಟಿದ್ದೆ. 2019ರ ಏಪ್ರಿಲ್‌ನಲ್ಲಿ ಮೊದಲ ಹೂ. ಅಕ್ಕಪಕ್ಕದ ದಳ ಎರಡೂ ಅಂಚು ಒಳಗೆ ಮಡಚಿಕೊಂಡು ಸೌಟಿನ ಹಾಗೆ ಗುಳಿಬಿದ್ದಿದ್ದವು. ಹಸಿರು ಗೆರೆ ಇರಬೇಕಾದ ಕಡೆ ಚೀಲದ್ದೇ ಕಡುಗೆಂಪು ಬಣ್ಣ. ದಳದ ಅಂಚಿನ ಕಪ್ಪು ನರೂಲಿಗಳು ಮಾಯ. ಒಂದು ಹೂವಿಗೆ ಮೂರು ಚೀಲ! ಎಷ್ಟೋ ಹೊತ್ತು ಅದರ ಮುಂದೆಯೇ ಕೂತಿದ್ದೆ.

ಬಿಸಿಲಿಗೆ ಕೆಟ್ಟ ಹೂ ನಾನೂ ಬೇಕಾದಷ್ಟು ನೋಡಿದ್ದೇನೆ. ಅದು ಒಂದೇ ಕಡೆ ಸೊಟ್ಟ ಆಗುತ್ತೆ, ತುದಿ ಒಣಗಿರುತ್ತೆ. ಇದು ಎರಡೂ ಕಡೆ ಒಂದೇ ಅಳತೆ, ಕನ್ನಡಿ ಹಿಡಿದ ಹಾಗೆ. ಅಲ್ಲೇ ನನಗೆ ಧೈರ್ಯ ಬಂದಿದ್ದು. 2020ರ ಕೊನೆಯಲ್ಲಿ, ಚಳಿಯಲ್ಲಿ, ಹೊಸ ಮರಿಯಲ್ಲಿ ಹೂ ಬಂತು. ಅದೇ ಮೂರು ಚೀಲ. ಆದರೂ ಯಾರೂ ಒಪ್ಪಲಿಲ್ಲ. ನಿಮ್ಮ ನೀರಿನ ದೋಷ ಅಂದರು.

ಹಾಗಾದರೆ ಗಿಡವನ್ನೇ ಎರಡು ಮಾಡಿ, ಬೇರೆ ಹವೆ, ಬೇರೆ ನೀರು ಕೊಟ್ಟು ನೋಡೋಣ ಅಂತ ಹೊರಟೆ. ಪ್ಯಾಫ್‌ನಲ್ಲಿ ಅದೇ ಹೂ ಬೇಕಂದರೆ ನಮ್ಮಂಥವರಿಗೆ ಗಿಡ ಬಿಡಿಸೋದು ಬಿಟ್ಟರೆ ಬೇರೆ ದಾರಿ ಇಲ್ಲವಲ್ಲ. ಮೊದಲು ಕೈ ಪಳಗಲಿ ಅಂತ ಬೇರೆ ಪ್ಯಾಫ್‌ಗಳನ್ನು ಬಿಡಿಸಿದೆ. ಅಲ್ಲೇ ದುಡ್ಡು ಹೋಗಿದ್ದು. ಗಾಯಕ್ಕೆ ಹಚ್ಚುವ ದಾಲ್ಚಿನ್ನಿ ಪುಡಿ ಬೇರಿಗೂ ಬಿತ್ತು, ಬೇರು ಒಣಗಿ ದಾರದ ಹಾಗಾಯಿತು. ಇನ್ನು ಕೆಲವು ಮಳೆಗಾಲದಲ್ಲಿ ಬುಡ ಕೊಳೆತು, ಎಲೆ ಎಳೆದರೆ ಕೈಗೇ ಬಂತು, ಕೆಟ್ಟ ವಾಸನೆ ಬೇರೆ. ಹದಿನಾಲ್ಕರಲ್ಲಿ ಉಳಿದಿದ್ದು ಮೂರೋ ನಾಲ್ಕೋ. ಹದಿನೈದು ಸಾವಿರದಷ್ಟು ನಷ್ಟ.

ಆಮೇಲೆ ಅರ್ಥವಾಯಿತು. ಒಂದೊಂದು ಭಾಗಕ್ಕೂ ಮೂರು ಮರಿ ಇರಲೇಬೇಕು, ಅವಕ್ಕೆ ಸ್ವಂತ ಬೇರು ಇರಬೇಕು. ಚಾಕು ಹಾಕಬಾರದು, ಕೈಯಲ್ಲೇ ಹೊರಳಿಸಿ ಬಿಡಿಸಬೇಕು. ಬಿಡಿಸುವ ಮೂರು ವಾರ ಮೊದಲು ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಗಿಡ ಬಿಡಿಸಿಕೊಂಡ ಮೇಲೆ ಆರು ವಾರ ಗೊಬ್ಬರ ಇಲ್ಲ.

2021ರ ಕೊನೆಗೆ ಮೂರು ಚೀಲದ ಗಿಡವನ್ನೇ ಬಿಡಿಸಿದೆ. ಒಂದು ಭಾಗ ಮಡಿಕೇರಿಯ ಅಕ್ಕನ ಮನೆಗೆ. ಅಲ್ಲಿ ಮಳೆನೀರು, ತಂಪು. ನನ್ನದು ತೆಂಗಿನ ಸಿಪ್ಪೆ, ಇದ್ದಲು, ಆರ್‌ಓ ನೀರು. 2023ರ ಮಳೆಗಾಲದಲ್ಲಿ ಅಕ್ಕ ಫೋನ್ ಮಾಡಿ, "ಮೂರು ಬಟ್ಟಲು ಬಂದಿದೆ ಕಣೋ" ಅಂದಳು. ನನ್ನದು 2024ರ ಫೆಬ್ರವರಿಯಲ್ಲಿ ಅರಳಿತು. ಅನುಮಾನ ಪಟ್ಟವರಲ್ಲಿ ಇಬ್ಬರು ಮನೆಗೇ ಬಂದು ನೋಡಿದರು. ಒಬ್ಬರು ಅಲ್ಲೇ ಒಂದು ಭಾಗಕ್ಕೆ ಐದು ಸಾವಿರ ಕೊಡುತ್ತೇನೆ ಅಂದರು. ನಾನು ಗಿಡ ಕೊಡಲಿಲ್ಲ.

ಮಧ್ಯೆ ಮೊಟ್ಟೆ ಚಿಪ್ಪಿನ ಪುಡಿ ಹಾಕಿಯೂ ನೋಡಿದೆ. ಹೂವಿನ ರೂಪ ಒಂಚೂರೂ ಬದಲಾಗಲಿಲ್ಲ, ಇರುವೆ ಮಾತ್ರ ಜಾಸ್ತಿಯಾದವು. ಹೀಗೆ ವಿಚಿತ್ರ ಹೂವಿನ ಆಸೆಗೆ ಕೇರಳ-ತಮಿಳುನಾಡು ಗಡಿಯ ಅಗಸ್ತ್ಯಮಲೆಯಲ್ಲಿ ಬೆಳೆಯುವ ಡ್ರೂರಿಯಂಥ ಕಾಡಿನ ಪ್ಯಾಫ್ ಯಾರಾದರೂ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ. ಅಲ್ಲಿ ಉಳಿದಿರುವುದೇ ಸ್ವಲ್ಪ.

ಬೀಜದಿಂದ ಬಂದ ಗಿಡವೂ ಇದೇ ಹೂ ಬಿಡುತ್ತೋ ನೋಡೋಣ ಅಂತ 2020ರ ಹೂವಿಗೆ ಅದರದ್ದೇ ಪರಾಗ ಹಚ್ಚಿದ್ದೆ. ಕಾಯಿ ಎಂಟು ತಿಂಗಳು ಗಿಡದಲ್ಲಿತ್ತು. ಬೀಜವನ್ನು ಲ್ಯಾಬಿಗೆ ಕೊಟ್ಟು, ಬಾಟಲಿಯಿಂದ ಬಂದ ನಲವತ್ತು ಸಸಿಗಳಲ್ಲಿ ಈಗ ಒಂಬತ್ತು ಉಳಿದಿವೆ. ದೊಡ್ಡದರ ಎಲೆ ನನ್ನ ಬೆರಳಷ್ಟು ಉದ್ದ. ಹೂ ನೋಡಲು ಇನ್ನೂ ಎರಡು ವರ್ಷವಾದರೂ ಬೇಕು.