ಮಿಣಿ ಎರಡು ಬೆರಳು ಸರಿಸಿದ ಮೇಲೆ

ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ದಿನವೂ ಬೆಳಿಗ್ಗೆ ಬರುವ ಹಿರಿಯರೊಬ್ಬರು ಒಂದು ದಿನ ನಮ್ಮಿಬ್ಬರನ್ನೂ ತಡೆದು ನಿಲ್ಲಿಸಿದರು. "ಏನು ಕಳೆದುಕೊಂಡಿದ್ದೀರಿ? ಹೇಳಿ, ನಾನೂ ಹುಡುಕುತ್ತೇನೆ" ಎಂದರು. ಅವರು ಒಂದು ಸಲ ಹತ್ತಿ ಇಳಿಯುವಷ್ಟರಲ್ಲಿ ನಾವು ನಾಲ್ಕು ಸಲ ಅವರಿಗೆ ಎದುರಾಗಿದ್ದೆವು. ನಿಜ ಹೇಳಿದರೆ ನಂಬುವಂತಿರಲಿಲ್ಲ. "ಮಂಡಿಗೆ ವ್ಯಾಯಾಮ" ಎಂದು ಹೇಳಿ ತಪ್ಪಿಸಿಕೊಂಡೆ.

ನಿಜವೇನೆಂದರೆ, ನಾವು ಟ್ರಾನ್ಸ್‌ಆಲ್ಪೈನ್ ರನ್‌ಗೆ ಹೆಸರು ಕೊಟ್ಟಿದ್ದೆವು. 2005ರಲ್ಲಿ ಆರಂಭವಾದ, ಆಲ್ಪ್ಸ್ ಪರ್ವತವನ್ನು ಉತ್ತರದಿಂದ ದಕ್ಷಿಣಕ್ಕೆ ದಾಟುವ ಓಟ ಅದು. ನಾವು ಓಡಿದ ವರ್ಷ ಏಳು ದಿನ, ಸುಮಾರು 250 ಕಿಲೋಮೀಟರ್, ಎಲ್ಲ ಏರುಗಳನ್ನೂ ಕೂಡಿಸಿದರೆ 15,000 ಮೀಟರ್ ಆಸುಪಾಸು. ನನ್ನ ಕೈಗಡಿಯಾರದ ಲೆಕ್ಕದಲ್ಲಿ ನೃಪತುಂಗ ಬೆಟ್ಟದ ಒಂದು ಏರು ಹೆಚ್ಚುಕಡಿಮೆ ಐವತ್ತು ಮೀಟರ್. ಅಂದರೆ ಒಂದು ವಾರದಲ್ಲಿ ಮುನ್ನೂರು ಸಲ ಹತ್ತಬೇಕು, ಮುನ್ನೂರು ಸಲ ಇಳಿಯಬೇಕು. ಇಳಿಯುವುದನ್ನು ನಾನು ಆಗ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದರ ಕಥೆ ಮುಂದಿದೆ.

ನಾವು ಓಡಿದಾಗ ಈ ಓಟದ ವಿಶೇಷ ಅದರ ಜೋಡಿ ಪದ್ಧತಿಯಾಗಿತ್ತು. ಇಬ್ಬರೂ ಕೂಡಿಯೇ ಓಡಬೇಕಿತ್ತು. ಒಬ್ಬರಿಗೊಬ್ಬರು ಎರಡು ನಿಮಿಷಕ್ಕಿಂತ ಹೆಚ್ಚು ದೂರ ಇರುವಂತಿರಲಿಲ್ಲ. ಒಬ್ಬ ನಿಂತರೆ ಜೋಡಿಯ ಲೆಕ್ಕ ಅಲ್ಲಿಗೇ ಮುಗಿಯಿತು. ನನ್ನ ಜೋಡಿ ನನ್ನ ಹೆಂಡತಿಯ ತಮ್ಮ. ಕಪ್ಪತಗುಡ್ಡದ ಬುಡದ ಹಳ್ಳಿಯವನು, ಈರುಳ್ಳಿ ಬೆಳೆಯುತ್ತಾನೆ, ಮೂವತ್ತೊಂದು ವರ್ಷ, ಎಂಬತ್ತೆರಡು ಕಿಲೋ. ನಾನು ಧಾರವಾಡದಲ್ಲಿ ಪಾಠ ಹೇಳುವವನು, ನಲವತ್ತಾರು ವರ್ಷ, ಐವತ್ತೊಂಬತ್ತು ಕಿಲೋ. ಏರಿನಲ್ಲಿ ನಾನು ಮುಂದೆ, ಇಳಿಜಾರಿನಲ್ಲಿ ಅವನು ಮುಂದೆ. ಇದನ್ನು ಇಬ್ಬರೂ ಬಲ್ಲೆವು. ಬಲ್ಲೆವಾದ್ದರಿಂದ ಅದರ ಬಗ್ಗೆ ಮಾತೇ ಆಡಲಿಲ್ಲ. ನಮ್ಮ ತಯಾರಿಯಲ್ಲಿದ್ದ ದೊಡ್ಡ ತಪ್ಪು ಅದೇ.

ಉಳಿದ ತಯಾರಿ ಕೆಟ್ಟದ್ದೇನಿರಲಿಲ್ಲ. ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಓಡಿದವರಿಗೆ ಗೊತ್ತು: ಇಪ್ಪತ್ತು ಹೆಜ್ಜೆಗೆ ಬೂಟಿನ ಅಡಿ ಇನ್ನೊಂದು ಬೂಟಾಗುತ್ತದೆ. ಕಡ್ಡಿಯಿಂದ ಕೆರೆದು ಮತ್ತೆ ಇಪ್ಪತ್ತು ಹೆಜ್ಜೆ. ತಿಂಗಳಿಗೆ ಎರಡು ಸಲ ನಾನು ಗದಗಿನ ಬಸ್ ಹಿಡಿಯುತ್ತಿದ್ದೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗಿದೆ, ಮನಬಂದಲ್ಲಿ ನುಗ್ಗುವಂತಿಲ್ಲ. ಹಾಗಾಗಿ ಕಪ್ಪತ ಮಲ್ಲೇಶ್ವರನ ಗುಡಿಗೆ ಭಕ್ತರು ಹೋಗುವ ದಾರಿಯಲ್ಲೇ, ಗಾಳಿಯಂತ್ರಗಳನ್ನು ನೋಡುತ್ತ, ಶನಿವಾರ, ಭಾನುವಾರ, ಸೋಮವಾರ ಬಿಡದೆ ಓಡುತ್ತಿದ್ದೆವು. ಹಲವು ದಿನಗಳ ಓಟಕ್ಕೆ ಒಂದು ದಿನದ ಉದ್ದ ಓಟ ಅಭ್ಯಾಸವೇ ಅಲ್ಲ. ನಿನ್ನೆಯ ಕಾಲಿನಲ್ಲಿ ಇಂದು ಓಡುವುದನ್ನು ಕಲಿಯಬೇಕು. ಸೋಮವಾರದ ಓಟವೇ ನಿಜವಾದ ಪಾಠ. ಆ ದಿನ ಕಾಲೇಜಿಗೆ ರಜೆ ಹಾಕಲು ನಾನು ಹೇಳಿದ ಸುಳ್ಳುಗಳನ್ನು ಇಲ್ಲಿ ಬರೆಯುವುದಿಲ್ಲ.

ಹೊರಟದ್ದು ಜರ್ಮನಿಯ ಗಾರ್ಮಿಶ್‌ನಿಂದ. ಸಮುದ್ರಮಟ್ಟದಿಂದ 700 ಮೀಟರ್ ಚಿಲ್ಲರೆ, ಹೆಚ್ಚುಕಡಿಮೆ ನಮ್ಮ ಧಾರವಾಡದಷ್ಟೇ ಎತ್ತರ. ಹಾಗೆಂದು ಸಮಾಧಾನ ಮಾಡಿಕೊಂಡು ತಲೆ ಎತ್ತಿದರೆ ಎದುರಿಗೇ ಬರಿಯ ಬಂಡೆಯ ಗೋಡೆ. ಮೊದಲೆರಡು ದಿನ ಉತ್ಸಾಹದಲ್ಲೇ ಕಳೆದವು. ಮೂರನೆಯ ದಿನ ಆಸ್ಟ್ರಿಯಾದ ಇಮ್ಸ್ಟ್‌ನಿಂದ ಪಿಟ್ಸ್ ಕಣಿವೆಯ ತುದಿಯ ಮಾಂಡರ್ಫನ್‌ವರೆಗೆ, ಎಲ್ಲಕ್ಕಿಂತ ಉದ್ದದ ದಿನ. ಜಗಳವಾದದ್ದು ಅಲ್ಲಿ.

ನನ್ನ ರೀತಿ ಹೀಗಿತ್ತು: ಏರಿನಲ್ಲಿ ನನ್ನ ವೇಗದಲ್ಲಿ ಹತ್ತುವುದು, ಎರಡು ನಿಮಿಷದೊಳಗಿನ ದೂರ ನೋಡಿಕೊಂಡು ಒಂದು ಬಂಡೆಯ ಮೇಲೆ ಕೂಡುವುದು, ನೀರು ಕುಡಿಯುವುದು, ಅವನು ಬಂದ ಕೂಡಲೇ "ಹೊರಡೋಣವೇ?" ಎಂದು ಏಳುವುದು. ಇದನ್ನು ನಾನು ದೊಡ್ಡ ತಾಳ್ಮೆ ಎಂದುಕೊಂಡಿದ್ದೆ. ಆರನೆಯದೋ ಏಳನೆಯದೋ ಬಂಡೆಯ ಬಳಿ ಅವನು ಏರಿಗೆ ಆಸರೆಯಾಗಿ ಹಿಡಿದಿದ್ದ ಕೋಲುಗಳನ್ನು ನೆಲಕ್ಕೆ ಊರಿ ನಿಂತುಬಿಟ್ಟ. "ಮಾಮಾ, ನೀವು ಎಷ್ಟು ಸಲ ಕುಳಿತಿರಿ?" ಎಂದ. ಲೆಕ್ಕ ಇಟ್ಟಿರಲಿಲ್ಲ. "ನಾನು ಒಂದು ಸಲವೂ ಕುಳಿತಿಲ್ಲ. ನೀವು ನನ್ನನ್ನು ಕಾಯುತ್ತಿಲ್ಲ, ದಣಿವಾರಿಸಿಕೊಳ್ಳುತ್ತಿದ್ದೀರಿ. ನನ್ನ ಮುಖ ಕಂಡ ಕೂಡಲೇ ಏಳುತ್ತೀರಿ."

ಉತ್ತರ ಕೊಡಲು ಬಾಯಿ ತೆರೆದೆ. ಏನೂ ಸಿಗಲಿಲ್ಲ.

ಆ ರಾತ್ರಿ ಒಂದು ಕ್ರೀಡಾಂಗಣದ ಒಳಾಂಗಣದಲ್ಲಿ ಚಾಪೆ ಹಾಸಿ ಮಲಗಿದ್ದೆವು. ಸುತ್ತಲೂ ನೂರಾರು ಜನ, ಮುಲಾಮಿನ ವಾಸನೆ, ಒದ್ದೆ ಕಾಲುಚೀಲಗಳ ವಾಸನೆ. ಅವನು ಹಿಮ್ಮಡಿಯ ಗುಳ್ಳೆಗೆ ಸೂಜಿ ಹಾಕುತ್ತಿದ್ದ. ಸೂಜಿಯನ್ನು ಮದ್ಯಸಾರದಲ್ಲಿ ಅದ್ದಿದ, ಗುಳ್ಳೆಯ ಬುಡದಲ್ಲಿ ಅಡ್ಡಲಾಗಿ ಚುಚ್ಚಿ ನೀರು ಹಿಂಡಿದ, ಮೇಲಿನ ಚರ್ಮವನ್ನು ಕೀಳದೆ ಹಾಗೇ ಒತ್ತಿ ಪಟ್ಟಿ ಅಂಟಿಸಿದ. ತಲೆ ಎತ್ತದೆಯೇ ನೊಗದ ಮಾತು ತೆಗೆದ. ಜೋಡಿಯಲ್ಲಿ ಒಂದು ಎತ್ತು ಸೋತರೆ ಅದನ್ನು ಬಾರುಕೋಲಿನಿಂದ ಹೊಡೆದು ಪ್ರಯೋಜನವಿಲ್ಲ. ಈಸನ್ನು, ಅಂದರೆ ನೇಗಿಲಿನ ಉದ್ದ ಮರವನ್ನು, ನೊಗಕ್ಕೆ ಬಿಗಿಯುವ ಹಗ್ಗವಾದ ಮಿಣಿಯನ್ನು ಗಟ್ಟಿ ಎತ್ತಿನ ಕಡೆಗೆ ಎರಡು ಬೆರಳು ಸರಿಸಬೇಕು. ಆಗ ಸೋತ ಎತ್ತಿನ ಕಡೆ ನೊಗ ಉದ್ದವಾಗುತ್ತದೆ, ಅದರ ಪಾಲಿನ ಭಾರ ಕಡಿಮೆಯಾಗುತ್ತದೆ, ಎರಡೂ ಸಮನಾಗಿ ಹೆಜ್ಜೆ ಹಾಕುತ್ತವೆ. ಸನ್ನೆಕೋಲಿನ ಈ ಸೂತ್ರವನ್ನು ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು.

ನಾಲ್ಕನೆಯ ದಿನ ಬೆಳಿಗ್ಗೆ ಮಿಣಿ ಸರಿಸಿದೆವು. ಅವನ ನೀರು, ಅವನ ಮಳೆಯಂಗಿ, ತಿನಿಸಿನ ಚೀಲ ನನ್ನ ಬೆನ್ನಿಗೆ ಬಂದವು. ಏರಿನಲ್ಲಿ ಅವನು ಮುಂದೆ, ನಾನು ಅವನ ಹಿಂದೆ ಮೂರು ಹೆಜ್ಜೆಯಲ್ಲಿ. ನಿಧಾನದವನು ಮುಂದಿದ್ದರೆ ಅವನು ತನ್ನ ಉಸಿರಿನ ಲಯದಲ್ಲೇ ಹತ್ತುತ್ತಾನೆ. ಹಿಂದಿದ್ದರೆ ಮುಂದಿನವನ ಬೆನ್ನನ್ನು ಬೆನ್ನಟ್ಟಿ ಬೇಗ ಸುಸ್ತಾಗುತ್ತಾನೆ. ಅಂದು ಮಾಂಡರ್ಫನ್‌ನಿಂದ 2,759 ಮೀಟರ್ ಎತ್ತರದ ಬ್ರೌನ್‌ಶ್ವೈಗರ್ ಹ್ಯುಟ್ಟೆ ಎಂಬ ಪರ್ವತಗೃಹಕ್ಕೆ ಸಾವಿರ ಮೀಟರಿಗೂ ಹೆಚ್ಚಿನ ಏರು. ನಾನು ನೋಡಿದ್ದು ಅವನ ಬೂಟಿನ ಹಿಮ್ಮಡಿಯನ್ನು ಮಾತ್ರ. ನನಗೆ ಅದು ಅತಿ ನಿಧಾನ ಎನ್ನಿಸಿತು, ಎರಡು ಸಲ ನಾಲಿಗೆ ಕಚ್ಚಿಕೊಂಡೆ. ಆದರೆ ಒಂದು ಸಲವೂ ನಿಲ್ಲಲಿಲ್ಲ. ನಿಲ್ಲದ ನಿಧಾನವೇ ಹಿಂದಿನ ದಿನದ ಓಡಿ ಕುಳಿತ ವೇಗಕ್ಕಿಂತ ಬೇಗ ಎಂಬುದು ಮೇಲೆ ತಲುಪಿ ಗಡಿಯಾರ ನೋಡಿದಾಗ ತಿಳಿಯಿತು.

ಇಳಿಯುವ ಕಥೆ ಐದನೆಯ ದಿನದ್ದು. ಆಸ್ಟ್ರಿಯಾ ಮತ್ತು ಇಟಲಿಯ ಗಡಿಯ ಟಿಮ್ಮೆಲ್ಸ್‌ಯೋಖ್ ಕಣಿವೆದಾರಿಯ ಎತ್ತರ 2,474 ಮೀಟರ್. ಅಲ್ಲಿಂದ ಸಾಂಕ್ಟ್ ಲಿಯೊನಾರ್ಡ್ ಎಂಬ ಊರಿಗೆ ಸುಮಾರು 1,800 ಮೀಟರ್ ಬರೀ ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಬಿಗಿ ಹಿಡಿಯಬೇಕು; ಅಭ್ಯಾಸವಿಲ್ಲದ ಸ್ನಾಯುವನ್ನು ಅದು ಹರಿದುಹಾಕುತ್ತದೆ. ಐವತ್ತು ಮೀಟರ್ ಗುಡ್ಡ ಇದನ್ನು ಕಲಿಸುವುದಿಲ್ಲ. ಅರ್ಧ ದಾರಿಯಲ್ಲಿ ನನ್ನ ತೊಡೆಗಳು ನನ್ನ ಮಾತು ಕೇಳುವುದನ್ನು ಬಿಟ್ಟವು. ಮರದ ಬೇರುಗಳ ನಡುವೆ ಒಮ್ಮೆ ಬಿದ್ದೆ, ಮತ್ತೊಮ್ಮೆ ಕುಳಿತೇ ಜಾರಿದೆ. ಮೈದುನ ಒಂದು ಮಾತೂ ಆಡದೆ ಚೀಲಗಳನ್ನು ಬದಲಿಸಿಕೊಂಡ, ಒಂದು ಹೆಜ್ಜೆ ಮುಂದೆ ಓರೆಯಾಗಿ ನಿಂತು ಹೆಗಲು ಕೊಟ್ಟ. ಪ್ರತಿ ತಿರುವಿನಲ್ಲೂ ಅವನು ನಿಂತ. ನಾನು ತಲುಪಿದ ಮೇಲೆ ಹತ್ತು ಉಸಿರು ಎಣಿಸಿಯೇ ಹೊರಟ. ಎಣಿಸುವುದು ನನಗೆ ಕೇಳಿಸಲಿ ಎಂದೇ ಗಟ್ಟಿಯಾಗಿ ಎಣಿಸುತ್ತಿದ್ದ.

ಊಟದ ಬಗ್ಗೆ ಕೇಳುವವರಿಗೆ: ಸಂಜೆ ಪಾಸ್ತಾ ಇರುತ್ತಿತ್ತು, ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಹಾಲಿನ ತಿನಿಸುಗಳನ್ನು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲವಾದ್ದರಿಂದ ಧಾರವಾಡ ಪೇಡೆ ಮನೆಯಲ್ಲೇ ಉಳಿಯಿತು. ಕಡಕ್ ರೊಟ್ಟಿ ಎರಡನೆಯ ದಿನಕ್ಕೇ ಪುಡಿಪುಡಿ. ಅದಕ್ಕೇ ಶೇಂಗಾ ಚಟ್ನಿಪುಡಿ ಬೆರೆಸಿ ಮುಷ್ಟಿಯಲ್ಲಿ ಮುಕ್ಕಿದೆವು. ಓಡುತ್ತ ಶಕ್ತಿಗೆಂದು ಹೀರುವ ಸಿಹಿ ಜೆಲ್‌ಗಳಿಂದ ಬಾಯಿ ಕೆಟ್ಟ ಮೇಲೆ ಆ ಉಪ್ಪುಖಾರಕ್ಕೆ ಸಾಟಿಯಿಲ್ಲ.

ಆರನೆಯ ದಿನ ಹೇಗೆ ಹೋಯಿತೋ ನನಗೆ ನೆನಪಿಲ್ಲ. ಏಳನೆಯ ದಿನ ಓಟದ ಕೊನೆಯ ಊರಾದ ಇಟಲಿಯ ಬ್ರಿಕ್ಸೆನ್ ತಲುಪಿದೆವು. ನಮ್ಮ ಸ್ಥಾನ ಹೇಳಿಕೊಳ್ಳುವಂಥದ್ದಲ್ಲ, ಸಮಯದ ಮಿತಿಯೊಳಗೆ ಮುಗಿಸಿದೆವು ಎಂಬುದಷ್ಟೇ ಖಚಿತ.

ಊರಿಗೆ ಮರಳಿದ ಮೇಲೆ ನಾಲ್ಕು ದಿನ ನಾನು ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಅವನ ಹೊಲದಲ್ಲಿ ಈರುಳ್ಳಿ ಕೀಳಲು ಬಂದಿತ್ತು, ಬಂದ ಮರುದಿನವೇ ಹೋದ. ವಾರದ ಕೊನೆಗೆ ಫೋನ್ ಮಾಡಿ ಹುಬ್ಬಳ್ಳಿ ಮಾರುಕಟ್ಟೆಯ ದರ ವಿಚಾರಿಸಿ ತಿಳಿಸಲು ಹೇಳಿದ. ಆಮೇಲೆ, ಇಡುವ ಮೊದಲು, "ಮೆಟ್ಟಿಲು ಈಗ ಮುಖ ಮುಂದೆ ಮಾಡಿ ಇಳಿಯುತ್ತೀರೋ?" ಎಂದು ಕೇಳಿದ.