ಕೊಡಗಿನ ಮರದ ನೆತ್ತಿಯಲ್ಲಿ ಕಿತ್ತಳೆ ಮಿನಿವೆಟ್ ಹಕ್ಕಿಯನ್ನು ಗುರುತಿಸುವ ಬಗೆ

ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಉಳಿಸಿಕೊಂಡ ಎತ್ತರದ ಮರಗಳ ನೆತ್ತಿಯಲ್ಲೇ ಹುಳುಹುಪ್ಪಟೆಗಳನ್ನು ಹುಡುಕುತ್ತಾ ಸಾಗುವ ಕಿತ್ತಳೆ ಮಿನಿವೆಟ್ ಹಕ್ಕಿಯನ್ನು ಕಾಣಬೇಕಾದರೆ ಮೊದಲು ಕಿವಿಗೊಡಬೇಕು. ಗುಂಪು ಮರದಿಂದ ಮರಕ್ಕೆ ಹಾರುವಾಗ ತೆಳುವಾದ, ಇಂಪಾದ ಸಿಳ್ಳೆ ಕೇಳಿಸುತ್ತದೆ. ದನಿ ಬಂದತ್ತ ದುರ್ಬೀನು ತಿರುಗಿಸಿರಿ. ಗಂಡಿನ ತಲೆ, ಗಂಟಲು ಮತ್ತು ಬೆನ್ನು ಹೊಳೆಯುವ ಕಪ್ಪು ಬಣ್ಣದವು. ಎದೆ, ಹೊಟ್ಟೆ, ರೆಕ್ಕೆಯ ಪಟ್ಟೆ ಮತ್ತು ಬಾಲದ ಅಂಚುಗಳು ಕೆಂಡದಂಥ ಕಿತ್ತಳೆಗೆಂಪು. ಈ ಬಣ್ಣವನ್ನು ಬೆಳಗಿನ ಎಳೆಬಿಸಿಲಿನಲ್ಲಿಯೇ ನೋಡಬೇಕು. ಹೆಣ್ಣಿನಲ್ಲಿ ಕಪ್ಪಿನ ಬದಲು ಬೂದು, ಕೆಂಪಿನ ಬದಲು ಹಳದಿ ಇರುವುದರಿಂದ ಹೊಸಬರು ಅದನ್ನು ಬೇರೆ ಹಕ್ಕಿಯೆಂದೇ ತಿಳಿಯುವುದುಂಟು. ಇದನ್ನು ಹೋಲುವ ಇನ್ನೊಂದು ಜಾತಿಯಾದ ಸಣ್ಣ ಮಿನಿವೆಟ್ ಸುಮಾರು 16 ಸೆಂ.ಮೀ. ಉದ್ದವಿದ್ದು, ಅದರ ಗಂಡಿನ ನೆತ್ತಿ ಮತ್ತು ಬೆನ್ನು ಕಪ್ಪಾಗಿರದೆ ಬೂದಾಗಿರುತ್ತವೆ. ಇವೆರಡನ್ನು ಬೇರ್ಪಡಿಸಲು ನಾನು ಮೊದಲು ನೋಡುವುದು ಇದನ್ನೇ.