ಲೆಟೆರಾ 22ಕ್ಕೆ ಎಣ್ಣೆ ಬೇಡ

ಒಲಿವೆಟ್ಟಿ ಕಂಪನಿಯ ಹಳೇ ಟೈಪ್‌ರೈಟರ್ ಲೆಟೆರಾ 22 ಕೈಗೆ ಸಿಕ್ಕರೆ ಬಣ್ಣ, ಪೆಟ್ಟಿಗೆ ಎಲ್ಲ ಆಮೇಲೆ ನೋಡಿ. ಮೊದಲು ಕ್ಯಾರೇಜನ್ನು, ಅಂದರೆ ಹಾಳೆ ಹಿಡಿದು ಆಚೀಚೆ ಸರಿಯುವ ಮೇಲಿನ ಭಾಗವನ್ನು, ಬಲಕ್ಕೆ ತಳ್ಳಿ. ಸ್ಪ್ರಿಂಗ್ ಎಳೆಯುವುದು ಕೈಗೆ ತಿಳಿಯಬೇಕು. ಸುಮ್ನೆ ಆಚೀಚೆ ಓಡಾಡಿದರೆ ಒಳಗಿನ ದಾರ ಹರಿದಿರುತ್ತದೆ. ಅದನ್ನು ಕಟ್ಟುವುದು ತಲೆನೋವಿನ ಕೆಲಸ.

ನನಗೆ ಸಿಕ್ಕಿದ್ದರಲ್ಲಿ ದಾರ ಗಟ್ಟಿಯಿತ್ತು. ಆದರೆ ಕೀಲಿ ಒತ್ತಿದರೆ ಅಕ್ಷರದ ಕಡ್ಡಿ ಮೇಲೆದ್ದು ಅಲ್ಲೇ ನಿಂತುಬಿಡುತ್ತಿತ್ತು. ‘ಒಂದೆರಡು ಹನಿ ಎಣ್ಣೆ ಬಿಡಿ ಸಾರ್, ಸರಿಹೋಗುತ್ತೆ’ ಎಂದರು ಮಾರಿದವರು. ಯಾರೋ ಹಿಂದೆ ಬಿಟ್ಟ ಎಣ್ಣೆಯಿಂದಲೇ ಅದು ಹಾಗಾಗಿತ್ತು.

ಕಡ್ಡಿಗಳ ಬುಡವೆಲ್ಲ ಕೂರುವುದು ಸೆಗ್ಮೆಂಟ್ ಎಂಬ ಕಮಾನಿನಂಥ ಲೋಹದ ತುಂಡಿನಲ್ಲಿ. ಬಾಚಣಿಗೆಯ ಹಾಗೆ ಅದರ ತುಂಬ ಸಣ್ಣ ಸೀಳುಗಳು. ಎಣ್ಣೆ ಬಿದ್ದರೆ ಸ್ವಲ್ಪ ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಧೂಳು, ಅಳಿಸಿದ ರಬ್ಬರಿನ ಪುಡಿ ಎಲ್ಲ ಸೇರಿ ಜಿಗುಟಾಗುತ್ತದೆ. ಬಣ್ಣಕ್ಕೆ ತಗಲದಂತೆ ಸುತ್ತ ಬಟ್ಟೆ ಹೊದಿಸಿ, ಕಿಟಕಿ ತೆರೆದಿಟ್ಟು, ಹಳೇ ಟೂತ್‌ಬ್ರಶ್ಶನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಸೀಳುಗಳನ್ನು ಉಜ್ಜಿದೆ. ಪ್ರತಿ ಕಡ್ಡಿಯನ್ನೂ ಎತ್ತಿ ಇಳಿಸುತ್ತಾ ಹೋದೆ. ಕಂದು ಬಣ್ಣದ ನೀರು ಇಳಿಯಿತು. ಅದು ನಿಲ್ಲುವವರೆಗೂ ಬಿಡಲಿಲ್ಲ. ಆಮೇಲೆ ಕಡ್ಡಿಗಳು ಟಪ್ ಎಂದು ತಾವಾಗಿಯೇ ಕೆಳಗೆ ಬಿದ್ದವು.

‘ಇ’, ‘ಎ’, ‘ಓ’ ಇಂಗ್ಲಿಷ್ ಅಕ್ಷರಗಳ ಹೊಟ್ಟೆಯಲ್ಲಿ ಶಾಯಿ ಗಟ್ಟಿಯಾಗಿತ್ತು. ಹಲ್ಲುಕಡ್ಡಿಯಲ್ಲಿ ಕೆದಕಿದೆ. ಅರ್ಧ ಇಂಚಿನ ಮಾಮೂಲಿ ರಿಬ್ಬನ್ ತಂದು ಹಳೇ ಉರುಳೆಗೇ ಸುತ್ತಿದೆ. ಉರುಳೆ ಮಾತ್ರ ಎಸೆಯಬೇಡಿ.

ಇಟಲಿಯ ಇವ್ರೆಯಾದ ಈ ಯಂತ್ರ ಬಂದದ್ದು 1950ರಲ್ಲಿ. ರೂಪ ಮಾರ್ಚೆಲ್ಲೊ ನಿತ್ಸೋಲಿಯದು, ಒಳಗಿನ ಯಂತ್ರ ಜುಸೆಪ್ಪೆ ಬೆಚ್ಚೊ ಅವರದು. 1954ರಲ್ಲಿ ವಿನ್ಯಾಸಕ್ಕೆ ಕೊಡುವ ಇಟಲಿಯ ಕೊಂಪಾಸೊ ದೋರೊ ಪ್ರಶಸ್ತಿ ಬಂತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಒಂದಿದೆ. ತೂಕ ನಾಲ್ಕು ಕಿಲೋದೊಳಗೆ. ಕ್ಯಾರೇಜಿನ ಕೈ ಮಡಚಿದರೆ ಪೂರ್ತಿ ಚಪ್ಪಟೆ. ಟ್ಯಾಬ್ ಕೀಲಿಯೊಂದೇ ಕೆಂಪು. ಆ ಒಂದು ಚುಕ್ಕೆಗೆ ಸೋಲದ ಸಂಗ್ರಾಹಕರು ಕಡಿಮೆ.

ಅವರಲ್ಲಿ ಜಾಸ್ತಿ ಜನ ಓಡುವುದು ಮಾತ್ರ ಒಲಿವೆಟ್ಟಿಯದೇ ಇನ್ನೊಂದು ಟೈಪ್‌ರೈಟರ್, 1969ರ ಕೆಂಪು ಪ್ಲಾಸ್ಟಿಕ್ಕಿನ ವ್ಯಾಲೆಂಟೈನ್ ಹಿಂದೆ. ಅದರ ಒಳಗಿರುವುದು ಹೆಚ್ಚು ಕಡಿಮೆ 22ರ ನಂತರ ಬಂದ ಲೆಟೆರಾ 32ರ ಯಂತ್ರವೇ, ಅಲ್ವಾ? ಅಷ್ಟು ದುಡ್ಡು ಬಣ್ಣಕ್ಕೆ ಕೊಡಲು ನನಗೆ ಮನಸ್ಸಿಲ್ಲ.

ಒಂದು ಕೊರತೆ ಉಳಿದಿದೆ. ರೋಲರಿನ ರಬ್ಬರ್ ಕಲ್ಲಾಗಿದೆ. ಹೊಸದು ಹಾಕಿಸುವವರೆಗೆ ಹಾಳೆಯ ಹಿಂದೆ ಇನ್ನೊಂದು ಹಾಳೆ ಸೇರಿಸಿ ಹೊಡೆಯುತ್ತಿದ್ದೇನೆ. ಸದ್ದೂ ಕಡಿಮೆ, ಅಕ್ಷರವೂ ಕಾಗದವನ್ನು ತೂತು ಮಾಡುವುದಿಲ್ಲ.